ಎರ್ಸ್ಕಿನ್ ಪ್ರಭುವೂ ತೊರಪಳ್ಳಿಯ ರಾಜಾಜಿಯೂ

(ಶಾಲಾ ಶತಮಾನೋತ್ಸವದ ಎರಡನೆಯ ದಿನ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಶಾಲೆಯ ಇತಿಹಾಸವನ್ನು ಕುರಿತು ನಾವು ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಕೊಡಿಸಿದ್ದರು. ಆ ಇತಿಹಾಸವನ್ನು ಹಿರಿಯರು ನಿನ್ನೆಯೇ ನಮಗಿಂತ ಚೆನ್ನಾಗಿ ಹೇಳಿದರು. ಆದುದರಿಂದ ಇಂದು ಬೇರೊಂದು ದಾರಿ ಹಿಡಿಯಲು ಅನುಮತಿ ಬೇಡುತ್ತೇವೆ. ನಮ್ಮ ಶಾಲೆ ಇನ್ನೂ ಬಾಲ್ಯದಲ್ಲಿದ್ದ ದಿನಗಳಲ್ಲಿ ಈ ಸೀಮೆಯನ್ನು ಆಳಿದ ಒಬ್ಬ ಇಂಗ್ಲಿಷ್ ರಾಜಕಾರಣಿಯ ಬದುಕನ್ನೂ, ಅವನೊಡನೆ ಅಧಿಕಾರ ಹಂಚಿಕೊಂಡ ನಮ್ಮ ನೆರೆಯೂರಿನ ಒಬ್ಬ ಹಿರಿಯರ ಬದುಕನ್ನೂ ಅಕ್ಕಪಕ್ಕದಲ್ಲಿಟ್ಟು ನೋಡೋಣ. ಇವೆರಡಕ್ಕೂ ನಮ್ಮ ಶಾಲೆಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವಿದೆ, ಅದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಈ ವಿಚಾರ ನಮ್ಮ ತಲೆಗೆ ಬಂದದ್ದು ಪುಸ್ತಕದಿಂದಲ್ಲ, ಒಂದು ಆಟೋರಿಕ್ಷಾದಿಂದ. ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಮಧುರೆಗೆ ಪ್ರವಾಸ ಕರೆದೊಯ್ದಿದ್ದೆವು. ರಾತ್ರಿ ಎಂಟನೆಯ ತರಗತಿಯ ಹುಡುಗಿಯೊಬ್ಬಳಿಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಗಾಬರಿಯಿಂದ ಬೀದಿಗೆ ಓಡಿ ಬಂದು, ಸರಕಾರಿ ದೊಡ್ಡಾಸ್ಪತ್ರೆಗೆ ಹೋಗಬೇಕೆಂದು ಒಬ್ಬ ವೃದ್ಧ ಚಾಲಕನಿಗೆ ಹೇಳಿದೆವು. "ಎರ್ಸ್ಕಿನ್ ಆಸ್ಪತ್ರೆಗೆ ತಾನೇ?" ಎಂದು ಆತ ತಮಿಳಿನಲ್ಲಿ ಕೇಳಿದ. ನಮಗೆ ಅರ್ಥವಾಗಲಿಲ್ಲ. ಆಸ್ಪತ್ರೆಯ ಮುಂದೆ ಇಳಿದಾಗ ಫಲಕದ ಮೇಲೆ ಇದ್ದದ್ದು ರಾಜಾಜಿಯವರ ಹೆಸರು. ಚಿಕಿತ್ಸೆಯಾಯಿತು, ನೋವು ಇಳಿಯಿತು. ಬೆಳಗ್ಗೆ ಬಸ್ಸು ಹತ್ತುವಾಗ ಅದೇ ಹುಡುಗಿ ಕೇಳಿದಳು: "ಟೀಚರ್, ರಾಜಾಜಿ ನಮ್ಮ ತೊರಪಳ್ಳಿಯವರು. ಆ ಇನ್ನೊಬ್ಬರು ಯಾರು?"

ಇತಿಹಾಸದಲ್ಲಿ ಎಂ.ಎ. ಪದವಿ ಪಡೆದ ನಮಗೆ ಉತ್ತರ ಗೊತ್ತಿರಲಿಲ್ಲ. ಊರಿಗೆ ಬಂದ ಮೇಲೆ ಹುಡುಕಿದೆವು. ಅಂದು ಆ ಮಗುವಿಗೆ ಕೊಡಲಾಗದ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಕೊಡುತ್ತಿದ್ದೇವೆ.

ಜಾನ್ ಫ್ರಾನ್ಸಿಸ್ ಆಶ್ಲಿ ಎರ್ಸ್ಕಿನ್ ಹುಟ್ಟಿದ್ದು 1895ರಲ್ಲಿ, ಸ್ಕಾಟ್‌ಲೆಂಡಿನ ಒಂದು ಪುರಾತನ ಜಮೀನುದಾರೀ ಮನೆತನದಲ್ಲಿ. ಮಾರ್ ಮತ್ತು ಕೆಲಿಯ ಅರ್ಲ್ ಎಂಬ ಬಿರುದು ಆ ಮನೆಯದು. ತಂದೆ ಬದುಕಿರುವಾಗ ಹಿರಿಯ ಮಗನನ್ನು ಮರ್ಯಾದೆಗಾಗಿ 'ಲಾರ್ಡ್ ಎರ್ಸ್ಕಿನ್' ಎಂದು ಕರೆಯುವುದು ರೂಢಿ. ಹೆಸರಿನಲ್ಲಿ ಪ್ರಭುವಾದರೂ ಅವನು ಪ್ರಭುಗಳ ಸಭೆಗೆ ಸೇರಿದವನಲ್ಲ. ಜನರ ಮತ ಕೇಳಿ ಕಾಮನ್ಸ್ ಸಭೆಗೆ ಹೋಗಬೇಕಾದವನು. ಈಟನ್ ಶಾಲೆ, ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜು, ಅನಂತರ ಮೊದಲ ಮಹಾಯುದ್ಧದಲ್ಲಿ ಸೇನಾ ಸೇವೆ: ಅಂತಹ ಮನೆಯ ಮಕ್ಕಳಿಗೆ ಹಾಸಿಟ್ಟ ದಾರಿ ಇದು.

1922ರ ಮಹಾಚುನಾವಣೆಯಲ್ಲಿ ವೆಸ್ಟನ್-ಸೂಪರ್-ಮೇರ್ ಎಂಬ ಕಡಲತಡಿಯ ಪಟ್ಟಣದಿಂದ ಕನ್ಸರ್ವೇಟಿವ್ ಪಕ್ಷದ ಅಭ್ಯರ್ಥಿಯಾಗಿ ಆರಿಸಿಬಂದನು. 1923ರಲ್ಲಿ ಸೋತನು. 1924ರಲ್ಲಿ ಅದೇ ಕ್ಷೇತ್ರದಿಂದ ಮತ್ತೆ ಗೆದ್ದು, ಹತ್ತು ವರ್ಷ ಅಲ್ಲಿಯೇ ಸದಸ್ಯನಾಗಿ ಉಳಿದನು. ಈ ಅವಧಿಯಲ್ಲಿ ಆ ದೇಶವನ್ನು ಬೋನಾರ್ ಲಾ, ಬಾಲ್ಡ್ವಿನ್, ಮ್ಯಾಕ್‌ಡೊನಾಲ್ಡ್ ಮುಂತಾದವರು ಆಳಿದರು. ಆ ಕಾಲದ ಚರಿತ್ರೆಯಲ್ಲಿ ಎರ್ಸ್ಕಿನ್ನನ ಹೆಸರು ಎದ್ದು ಕಾಣುವುದಿಲ್ಲ. ಪಕ್ಷಕ್ಕೆ ನಿಷ್ಠನಾಗಿ, ಮತ ಹಾಕಬೇಕಾದಾಗ ಹಾಕುತ್ತ ಹಿಂದಿನ ಸಾಲಿನಲ್ಲಿ ಕುಳಿತ ನೂರಾರು ಮಂದಿಯಲ್ಲಿ ಅವನೂ ಒಬ್ಬ.

ಅಂಥವನನ್ನು 1934ರ ನವೆಂಬರಿನಲ್ಲಿ ಮದರಾಸಿನ ಗವರ್ನರನನ್ನಾಗಿ ಕಳುಹಿಸಿದರು. ಆಗ ಅವನ ವಯಸ್ಸು 39. ಒಂದು ಸಣ್ಣ ಪಟ್ಟಣದ ಪ್ರತಿನಿಧಿಯಾಗಿದ್ದವನ ಕೈಗೆ ಗಂಜಾಮಿನಿಂದ ಕನ್ಯಾಕುಮಾರಿಯ ಸಮೀಪದವರೆಗೆ ಹರಡಿದ್ದ ಸಂಸ್ಥಾನದಷ್ಟು ದೊಡ್ಡ ಪ್ರಾಂತ ಬಂದಿತು. ಅದರಲ್ಲಿ ತಮಿಳರಿದ್ದರು, ತೆಲುಗರಿದ್ದರು, ಮಲಯಾಳಿಗಳಿದ್ದರು; ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ, ನಮ್ಮ ಹೊಸೂರು ಸೀಮೆಗಳಲ್ಲಿ ಕನ್ನಡಿಗರೂ ಇದ್ದರು. ಅಂದು ಹೊಸೂರು ಸೇಲಂ ಜಿಲ್ಲೆಗೆ ಸೇರಿತ್ತು. ಧರ್ಮಪುರಿ ಜಿಲ್ಲೆಯಾದದ್ದು 1965ರಲ್ಲಿ, ನಮ್ಮ ಕೃಷ್ಣಗಿರಿ ಜಿಲ್ಲೆಯಾದದ್ದು 2004ರಲ್ಲಿ. ಹವೆ ತಂಪಾಗಿದೆಯೆಂದು ನಮ್ಮ ತಳಿಗೆ 'ಚಿಕ್ಕ ಇಂಗ್ಲೆಂಡ್' ಎಂಬ ಅಡ್ಡಹೆಸರಿದೆ. ಆದರೆ ದೊಡ್ಡ ಇಂಗ್ಲೆಂಡಿನಿಂದ ಬಂದವರು ಚಿಕ್ಕ ಇಂಗ್ಲೆಂಡಿನವರ ಮಾತನ್ನು ಎಷ್ಟು ಕೇಳಿಸಿಕೊಂಡರು ಎಂಬುದು ಬೇರೆ ಪ್ರಶ್ನೆ.

ಈಗ ಇನ್ನೊಬ್ಬರ ಕಡೆಗೆ ತಿರುಗೋಣ.

1878ರ ಡಿಸೆಂಬರ್ 10ರಂದು ಇಲ್ಲಿಗೆ ಹತ್ತಿರದ ತೊರಪಳ್ಳಿಯಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿಯವರನ್ನು ಈ ಸಭೆಗೆ ಪರಿಚಯಿಸಬೇಕಾಗಿಲ್ಲ. ತಂದೆ ಆ ಊರಿನ ಮುನಸೀಫರು. ಬಾಲಕ ಹೊಸೂರಿನ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಮದರಾಸಿನಲ್ಲಿ ಕಾನೂನು ಕಲಿತು, ಸೇಲಂನಲ್ಲಿ ವಕೀಲರಾದರು. ಒಂದು ಬೀದಿಯಲ್ಲಿ ತಮಿಳು, ಪಕ್ಕದ ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಕಿವಿಗೆ ಬೀಳುವ ಸೀಮೆಯಲ್ಲಿ ಬೆಳೆದ ಮಗು ಅದು. 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದರು. ಅನಂತರ ಗಾಂಧೀಜಿಯವರ ಕರೆಗೆ ಓಗೊಟ್ಟು ವಕೀಲಿಯನ್ನು ಬಿಟ್ಟರು; ಸೆರೆಮನೆ ಕಂಡರು; 1925ರಲ್ಲಿ ತಿರುಚೆಂಗೋಡಿನ ಬಳಿ ಆಶ್ರಮ ಕಟ್ಟಿದರು; 1930ರಲ್ಲಿ ವೇದಾರಣ್ಯದ ಉಪ್ಪಿನ ಸತ್ಯಾಗ್ರಹದ ಮುಂದಾಳಾದರು. ಎರ್ಸ್ಕಿನ್ ಪಾರ್ಲಿಮೆಂಟಿನ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ವರ್ಷಗಳಲ್ಲಿ ನಮ್ಮವರು ನೂಲುತ್ತಿದ್ದರು, ನಡೆಯುತ್ತಿದ್ದರು, ಸೆರೆಯಲ್ಲಿರುತ್ತಿದ್ದರು.

1935ರ ಭಾರತ ಸರಕಾರ ಕಾಯಿದೆಯಂತೆ 1937ರಲ್ಲಿ ಚುನಾವಣೆ ನಡೆಯಿತು. ಮದರಾಸು ವಿಧಾನಸಭೆಯ 215 ಸ್ಥಾನಗಳಲ್ಲಿ 159 ಕಾಂಗ್ರೆಸ್ಸಿಗೆ ಬಂದವು. ಗವರ್ನರ್ ಎರ್ಸ್ಕಿನ್ ಸರಕಾರ ರಚಿಸಲು ರಾಜಾಜಿಯವರನ್ನು ಕರೆದನು. ಆ ಕಾಯಿದೆಯಲ್ಲಿ ಗವರ್ನರನಿಗೆ ವಿಶೇಷಾಧಿಕಾರಗಳಿದ್ದವು. ಮಂತ್ರಿಗಳ ಮಾತನ್ನು ಬದಿಗಿಟ್ಟು ನಡೆಯಬಹುದಾಗಿತ್ತು. ಆ ಅಧಿಕಾರವನ್ನು ಬಳಸುವುದಿಲ್ಲವೆಂಬ ಭರವಸೆ ಬೇಕೆಂದು ಕಾಂಗ್ರೆಸ್ಸಿನವರು ಕೇಳಿದರು. ಭರವಸೆ ದೊರೆಯಲಿಲ್ಲ. ಏಪ್ರಿಲ್ 1ರಂದು ಕೂರ್ಮ ವೆಂಕಟರೆಡ್ಡಿ ನಾಯುಡುರವರ ತಾತ್ಕಾಲಿಕ ಮಂತ್ರಿಮಂಡಲ ಬಂದಿತು. ವೈಸರಾಯ್ ಲಿನ್‌ಲಿತ್‌ಗೋ ಸಮಾಧಾನದ ಹೇಳಿಕೆ ಕೊಟ್ಟ ಮೇಲೆ ಕಾಂಗ್ರೆಸ್ಸು ಒಪ್ಪಿತು. 1937ರ ಜುಲೈ 14ರಂದು ರಾಜಾಜಿ ಪ್ರಾಂತದ ಪ್ರಧಾನಿಯಾದರು. ಅಂದು ಪ್ರಾಂತದ ಮುಖ್ಯಮಂತ್ರಿಯನ್ನು ಪ್ರಧಾನಿಯೆಂದೇ ಕರೆಯುತ್ತಿದ್ದರು. ಪ್ರಧಾನಿಗೆ 58 ವಯಸ್ಸು, ಗವರ್ನರನಿಗೆ 42.

ಸೆರೆಮನೆಯಿಂದ ಬಂದ ಖಾದಿಯ ಮುದುಕರೂ ಈಟನ್ನಿನಲ್ಲಿ ಓದಿದ ಪ್ರಭುವೂ ಎಣ್ಣೆ ಸೀಗೆಯಂತಿದ್ದಿರಬಹುದೆಂದು ನಾವು ಊಹಿಸಿದ್ದೆವು. ಹಾಗಾಗಲಿಲ್ಲ. ಇಬ್ಬರೂ ಪರಸ್ಪರ ಗೌರವದಿಂದ ನಡೆದುಕೊಂಡರು. ಎರ್ಸ್ಕಿನ್ ವೈಸರಾಯಿಗೆ ಬರೆಯುತ್ತ ರಾಜಾಜಿಯವರನ್ನು ಕುರಿತು ಒಂದು ಹಾಸ್ಯದ ಮಾತು ಹೇಳಿದ್ದಾನೆ. ಅದರ ತಾತ್ಪರ್ಯವಿಷ್ಟು: ಹಳೆಯದನ್ನು ಮೆಚ್ಚುವುದರಲ್ಲಿ ಈತ ನನ್ನನ್ನೂ ಮೀರಿಸಿದವನು, ನಾನು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬಯಸಿದರೆ ಈತ ಅಶೋಕನ ಕಾಲಕ್ಕೇ ಹೋಗಬಯಸುತ್ತಾನೆ. ಮಾತಿನಲ್ಲಿ ಚುಚ್ಚಿದೆ, ಆದರೆ ಹಗೆಯಿಲ್ಲ.

ಆ ಇಪ್ಪತ್ತೇಳು ತಿಂಗಳುಗಳಲ್ಲಿ ನಡೆದ ಕೆಲಸ ಸಣ್ಣದಲ್ಲ. 1937ರ ಅಕ್ಟೋಬರ್ 1ರಿಂದ ಪ್ರಾಂತದಲ್ಲಿ ಮೊಟ್ಟಮೊದಲು ಪಾನನಿಷೇಧ ಜಾರಿಗೆ ಬಂದದ್ದು ರಾಜಾಜಿಯವರ ತವರು ಜಿಲ್ಲೆಯಾದ ಸೇಲಂನಲ್ಲಿ. ಎಂದರೆ ನಮ್ಮ ಹೊಸೂರಿನಲ್ಲೂ ಹೆಂಡದಂಗಡಿಯ ಬಾಗಿಲು ಮುಚ್ಚಬೇಕಾಯಿತು. ಕಾಯಿದೆ ಮದರಾಸು ಪ್ರಾಂತದ್ದು. ಕೆಲವೇ ಮೈಲಿ ಆಚೆಗೆ ಮೈಸೂರು ಸಂಸ್ಥಾನ. ಎರಡು ಸರಕಾರಗಳ ನಡುವಿನ ಊರಿನಲ್ಲಿ ಬದುಕುವುದು ಎಂಥದ್ದೆಂದು ನಮ್ಮ ಹಿರಿಯರು ಆಗಲೇ ಕಲಿತರು. ಹೆಂಡದ ವರಮಾನ ಹೋದಾಗ ಬೊಕ್ಕಸ ತುಂಬಲು 1939ರಲ್ಲಿ ಮಾರಾಟ ತೆರಿಗೆ ಬಂದಿತು. ಸಾಲದಲ್ಲಿ ಮುಳುಗಿದ ರೈತರಿಗಾಗಿ 1938ರಲ್ಲಿ ಪರಿಹಾರ ಕಾಯಿದೆ ಬಂದಿತು. 1939ರ ಜುಲೈ 8ರಂದು ಮಧುರೆಯ ಮೀನಾಕ್ಷಿ ದೇವಾಲಯವನ್ನು ಎ. ವೈದ್ಯನಾಥ ಅಯ್ಯರ್ ಅವರ ಮುಂದಾಳುತನದಲ್ಲಿ ದಲಿತ ಬಂಧುಗಳು ಪ್ರವೇಶಿಸಿದಾಗ, ಅವರ ಬೆಂಬಲಕ್ಕೆ ರಾಜಾಜಿ ಸರಕಾರ ಕಾನೂನಿನ ರಕ್ಷಣೆ ಒದಗಿಸಿತು. ಅದಕ್ಕೆ ಗವರ್ನರನ ಅಂಕಿತವೂ ಬಿದ್ದಿತು. ನೆನಪಿಡಬೇಕಾದ ಸಂಗತಿ ಇದು.

ಆದರೆ ನಮ್ಮಂತಹ ಶಾಲೆಯವರು ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಬೇರೊಂದು ಆಜ್ಞೆಯನ್ನು.

1938ರ ಏಪ್ರಿಲ್ 21ರಂದು ರಾಜಾಜಿ ಸರಕಾರ ಪ್ರಾಂತದ 125 ಪ್ರೌಢಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸಿ ಆಜ್ಞೆ ಹೊರಡಿಸಿತು. ರಾಜಾಜಿಯವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ದೇಶ ಒಂದಾಗಬೇಕು, ದಕ್ಷಿಣದ ಮಕ್ಕಳು ಉತ್ತರದಲ್ಲಿ ಕೆಲಸಕ್ಕೆ ಹಿಂಜರಿಯಬಾರದು ಎಂಬುದು ಅವರ ಆಸೆ. ಹಿಂದಿಯನ್ನು ಅವರು ಬಾಳೆಯೆಲೆಯ ಮೇಲೆ ಬಡಿಸಿದ ಚಟ್ನಿಗೆ ಹೋಲಿಸಿದ್ದುಂಟು. ಆದರೆ ಬಡಿಸುವವರಿಗೆ ಚಟ್ನಿಯಾಗಿ ಕಂಡದ್ದು ಎಲೆಯ ಮುಂದೆ ಕುಳಿತವರಿಗೆ ಹಾಗೆ ಕಾಣಲಿಲ್ಲ. ತಮಿಳುನಾಡು ಎದ್ದು ನಿಂತಿತು. ಮೆರವಣಿಗೆಗಳಾದವು, ಪಿಕೆಟಿಂಗ್ ನಡೆಯಿತು. ಸಾವಿರಕ್ಕೂ ಹೆಚ್ಚು ಜನ ಸೆರೆಗೆ ಹೋದರು. ಅವರಲ್ಲಿ ಮಡಿಲಮಕ್ಕಳನ್ನೆತ್ತಿಕೊಂಡ ತಾಯಂದಿರಿದ್ದರು. ಪೆರಿಯಾರ್ ಇ.ವೆ. ರಾಮಸಾಮಿಯವರು ಸೆರೆಯಾದರು. 1939ರಲ್ಲಿ ನಟರಾಜನ್, ತಾಳಮುತ್ತು ಎಂಬ ಇಬ್ಬರು ಬಂಧನದಲ್ಲಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಸ್ವತಃ ಎಷ್ಟೋ ಸಲ ಸೆರೆಮನೆ ಕಂಡಿದ್ದ ರಾಜಾಜಿಯವರ ಸರಕಾರವೇ ಸೆರೆಮನೆಯ ಬಾಗಿಲು ತೆರೆದು ಜನರನ್ನು ಒಳಗೆ ಕಳುಹಿಸಿತು. ನಮ್ಮ ಊರಿನ ಹೆಮ್ಮೆಯ ಮಗನನ್ನು ಕುರಿತು ಹೀಗೆ ಹೇಳುವಾಗ ನಾಲಗೆ ಭಾರವಾಗುತ್ತದೆ. ಆದರೆ ಹೆಮ್ಮೆಗಾಗಿ ಇತಿಹಾಸವನ್ನು ಅರ್ಧ ಹೇಳಿದರೆ ಮಕ್ಕಳಿಗೆ ಮೋಸ ಮಾಡಿದಂತೆ.

1939ರ ಸೆಪ್ಟೆಂಬರಿನಲ್ಲಿ ಭಾರತೀಯರನ್ನು ಒಂದು ಮಾತೂ ಕೇಳದೆ ವೈಸರಾಯ್ ದೇಶವನ್ನು ಯುದ್ಧಕ್ಕೆ ಎಳೆದರು. ಅಕ್ಟೋಬರ್ ಕೊನೆಗೆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಅಧಿಕಾರವೆಲ್ಲ ಗವರ್ನರನ ಕೈಸೇರಿತು. 1940ರ ಫೆಬ್ರವರಿ 21ರಂದು ಎರ್ಸ್ಕಿನ್ ಹಿಂದಿಯ ಕಡ್ಡಾಯವನ್ನು ತೆಗೆದುಹಾಕಿದನು. ಮೂರು ವಾರಗಳೊಳಗೆ ಅವನ ಅವಧಿ ಮುಗಿದು ಹಡಗು ಹತ್ತಿದನು.

ಮಿತ್ರರೇ, ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ನೆಲದಲ್ಲಿ ಹುಟ್ಟಿ, ಮೂರು ಭಾಷೆಗಳ ನಡುವೆ ಬೆಳೆದು, ಮುಂದೆ ಮಹಾಭಾರತ ರಾಮಾಯಣಗಳನ್ನು ಲಕ್ಷಾಂತರ ಜನರಿಗೆ ತಲುಪಿಸಿದ ವಿದ್ವಾಂಸರು ಮಕ್ಕಳ ಮೇಲೆ ಒಂದು ಭಾಷೆಯನ್ನು ಹೇರಿದರು. ನಮ್ಮ ಯಾವ ಭಾಷೆಯ ಋಣವೂ ಇಲ್ಲದ ಹೊರಗಿನವನೊಬ್ಬನು ಅದನ್ನು ತೆಗೆದನು. ಹಾಗೆಂದು ಎರ್ಸ್ಕಿನ್ನನನ್ನು ಭಾಷಾಪ್ರೇಮಿಯೆಂದು ಹೊಗಳೋಣವೇ? ಬೇಡ. ಯುದ್ಧ ಎದುರಿಗಿದ್ದಾಗ ಆಳುವವರಿಗೆ ಊರು ಶಾಂತವಾಗಿದ್ದರೆ ಸಾಕು. ಅವನ ಪಾಲಿಗೆ ಅದು ಕಚೇರಿಯ ಒಂದು ಕಡತ. ಹಾಗಾದರೆ ರಾಜಾಜಿಯವರನ್ನು ಹಳಿಯೋಣವೇ? ಅದೂ ಸಲ್ಲದು. ಪ್ರೀತಿಯಿಂದ ಕಲಿಸಬಹುದಾಗಿದ್ದದ್ದನ್ನು ಆಜ್ಞೆಯಿಂದ ಕಲಿಸಹೊರಟದ್ದು ಅವರ ತಪ್ಪು. ಮಕ್ಕಳ ಒಳ್ಳೆಯದನ್ನು ತಾನೇ ಬಲ್ಲೆನೆಂಬ ನಂಬಿಕೆ ಅದಕ್ಕೆ ಕಾರಣ. ಈ ತಪ್ಪನ್ನು ಮಾಡದ ಅಧ್ಯಾಪಕರು ಯಾರಿದ್ದಾರೆ? ನಾವಂತೂ ಮಾಡಿದ್ದೇವೆ.

ಮುಂದಿನ ಕಥೆಯನ್ನು ಬೇಗ ಮುಗಿಸುತ್ತೇವೆ. ಊರಿಗೆ ಮರಳಿದ ಎರ್ಸ್ಕಿನ್ 1940ರಲ್ಲಿ ಬ್ರೈಟನ್ ಕ್ಷೇತ್ರದಿಂದ ಮತ್ತೆ ಪಾರ್ಲಿಮೆಂಟ್ ಸೇರಿ, ಮರುವರ್ಷವೇ ಸ್ಥಾನ ಬಿಟ್ಟನು. ಅಲ್ಲಿಗೆ ಅವನ ರಾಜಕೀಯ ಮುಗಿದಂತಾಯಿತು. 1953ರ ಮೇ ತಿಂಗಳಲ್ಲಿ, ತಂದೆ ಇನ್ನೂ ಬದುಕಿರುವಾಗಲೇ, 58ನೆಯ ವಯಸ್ಸಿನಲ್ಲಿ ತೀರಿಕೊಂಡನು. ಹುಟ್ಟಿದಾಗಿನಿಂದ ಕಾದಿದ್ದ ಅರ್ಲ್ ಪದವಿ ಅವನಿಗೆ ದಕ್ಕಲೇ ಇಲ್ಲ. ರಾಜಾಜಿಯವರು ಪ್ರಧಾನಿಯಾಗಿ ಕೆಲಸ ಪ್ರಾರಂಭಿಸಿದ ವಯಸ್ಸಿಗೆ ಇವನ ಬದುಕೇ ಮುಗಿಯಿತು. ಅತ್ತ ರಾಜಾಜಿ 1948ರಲ್ಲಿ ಗವರ್ನರ್ ಜನರಲ್ಲರಾಗಿ, ಎರ್ಸ್ಕಿನ್ ಕಾಗದ ಬರೆಯುತ್ತಿದ್ದ ವೈಸರಾಯಿಯ ಅರಮನೆಯಲ್ಲಿಯೇ ವಾಸಮಾಡಿದರು. ಎರ್ಸ್ಕಿನ್ ತೀರಿದಾಗ ಮದರಾಸಿನ ಮುಖ್ಯಮಂತ್ರಿಯಾಗಿದ್ದರು. 1972ರಲ್ಲಿ, 94 ತುಂಬಿದ ಮೇಲೆ, ಕಾಲವಾದರು. ಮಧುರೆಯ ಆಸ್ಪತ್ರೆಯ ಮೇಲಿದ್ದ ಹೆಸರೂ ಬದಲಾಯಿತು. ಆಟೋದ ಮುದುಕನ ನಾಲಗೆಯ ಮೇಲೆ ಮಾತ್ರ ಹಳೆಯದು ಉಳಿದಿತ್ತು.

ನಮ್ಮ ಸೀಮೆಗೆ ಏನಾಯಿತು? 1953ರಲ್ಲಿ ಬಳ್ಳಾರಿಯೂ 1956ರಲ್ಲಿ ದಕ್ಷಿಣ ಕನ್ನಡ, ಕೊಳ್ಳೇಗಾಲಗಳೂ ಮೈಸೂರು ರಾಜ್ಯ ಸೇರಿದವು. ಕಾಸರಗೋಡು ಕೇರಳಕ್ಕೆ ಹೋಯಿತು. ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ನಾಲ್ಕು ಭಾಷೆಗಳ ಪ್ರಾಂತದಲ್ಲಿ ನಾಲ್ವರಲ್ಲಿ ಒಬ್ಬರಾಗಿದ್ದ ನಾವು ಕೂತಲ್ಲಿಯೇ ಅಲ್ಪಸಂಖ್ಯಾತರಾದೆವು. ನಮ್ಮ ಮನೆ ಕದಲಲಿಲ್ಲ, ಗೆರೆ ಕದಲಿತು.

2006ರ ತಮಿಳು ಕಲಿಕೆಯ ಕಾಯಿದೆಯ ಪ್ರಕಾರ ಮಕ್ಕಳು ಹತ್ತನೆಯ ತರಗತಿಯವರೆಗೂ ತಮಿಳು ಓದಬೇಕೆಂದಾಯಿತು. ಭಾಷಾ ಅಲ್ಪಸಂಖ್ಯಾತರ ಅಳಲು ನ್ಯಾಯಾಲಯದವರೆಗೂ ಹೋದದ್ದು ನಿಮಗೆ ಗೊತ್ತು. ನಾವು ಇಂದು ಆ ವಾದವನ್ನು ಇಲ್ಲಿ ಮುಂದುವರಿಸುವುದಿಲ್ಲ. ಒಂದು ಮಾತನ್ನು ಮಾತ್ರ ಹೇಳುತ್ತೇವೆ. ತಮಿಳು ನಮಗೆ ಅನ್ನ ಕೊಟ್ಟ ನೆಲದ ಭಾಷೆ. ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲೇಬೇಕು, ಸಿಪ್ಕಾಟಿನ ಕಾರ್ಖಾನೆಯಲ್ಲಿ, ಕಚೇರಿಯಲ್ಲಿ, ನೆರೆಮನೆಯಲ್ಲಿ ತಲೆಯೆತ್ತಿ ಆಡಲೇಬೇಕು. ಆದರೆ 1938ರಲ್ಲಿ ತಮಿಳು ತಾಯಂದಿರು ಯಾವ ಮಾತನ್ನು ಹೇಳಿ ಸೆರೆಗೆ ಹೋದರೋ, ಆ ಮಾತು ಕನ್ನಡದ ಮಗುವಿಗೂ ಸಲ್ಲುತ್ತದೆ: ಕಲಿಸಿರಿ, ಆದರೆ ತಾಯಿನುಡಿಯನ್ನು ಕಸಿದುಕೊಂಡು ಕಲಿಸಬೇಡಿರಿ. ಹಾಗೆ ಕೇಳುವಾಗ ನಾವು ಅವರ ಎದುರಾಳಿಗಳಲ್ಲ, ಅವರ ಉತ್ತರಾಧಿಕಾರಿಗಳು.

ಇನ್ನು ಕೊನೆಯ ಅರಿಕೆ. ಆಜ್ಞೆ ಹೇರಿದವರನ್ನೂ ಆಜ್ಞೆ ತೆಗೆದವರನ್ನೂ ಕುರಿತು ಇಷ್ಟು ಹೊತ್ತು ಮಾತನಾಡಿದೆವು. ಆದರೆ ಈ ಶಾಲೆಯ ಒಂದನೆಯ ತರಗತಿಯ ಮಕ್ಕಳು ಇಂದು ಒಂದೇ ಸಾಲಿನ ಬೆಂಚಿನಲ್ಲಿ ಕೂರುವಷ್ಟಾಗಿರುವುದು ಯಾವ ಸರಕಾರದ ಆಜ್ಞೆಯಿಂದ? ಯಾವ ಆಜ್ಞೆಯಿಂದಲೂ ಅಲ್ಲ. ನಾವೇ ಮಕ್ಕಳನ್ನು ಬೇರೆಡೆಗೆ ಕರೆದುಕೊಂಡು ಹೋದೆವು. 'ನಾವು' ಎಂದದ್ದು ಮಾತಿನ ಮರ್ಯಾದೆಗಲ್ಲ. ಇಪ್ಪತ್ತು ವರ್ಷಗಳ ಹಿಂದೆ ಈ ಶಾಲೆಯಲ್ಲಿ ಅಧ್ಯಾಪಿಕೆಯಾಗಿದ್ದುಕೊಂಡೇ ನಮ್ಮ ಮಗಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದೆವು. ಬೆಳಗ್ಗೆ ಅವಳನ್ನು ಆ ವ್ಯಾನಿಗೆ ಹತ್ತಿಸಿ, ಇಲ್ಲಿಗೆ ಬಂದು ನಿಮ್ಮ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದೆವು. ಅವಳು ಇಂದು ಒಳ್ಳೆಯ ಕೆಲಸದಲ್ಲಿದ್ದಾಳೆ. ಆ ಬಗ್ಗೆ ನಮಗೆ ದೂರಿಲ್ಲ. ಆದರೆ ಈ ಭಾಷಣವನ್ನು ಬರೆದು ಮುಗಿಸಿ ಅವಳಿಗೆ ಕಳುಹಿಸಿದಾಗ, "ಅಮ್ಮ, ಓದಲು ಕಷ್ಟ, ನೀವೇ ಫೋನಿನಲ್ಲಿ ಓದಿ ಹೇಳಿ" ಎಂದಳು. ಓದಿ ಹೇಳಿದೆವು. ಈ ಭಾಗ ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಅಂದು ಮಧುರೆಯಲ್ಲಿ ಪ್ರಶ್ನೆ ಕೇಳಿದ ಹುಡುಗಿ ಕನ್ನಡದಲ್ಲಿ ಕೇಳಿದ್ದಳು. ತಮಿಳಿನ ಚಾಲಕನ ಮಾತನ್ನು ಕಿವಿಗೊಟ್ಟು ಕೇಳಿಸಿಕೊಂಡು, ಇಂಗ್ಲಿಷಿನ ಹೆಸರನ್ನು ನೆನಪಿನಲ್ಲಿಟ್ಟು, ತನ್ನ ಭಾಷೆಯಲ್ಲಿ ಕೇಳಿದಳು. ನೂರು ವರ್ಷಗಳಿಂದ ಈ ಶಾಲೆ ಮಾಡಿಕೊಂಡು ಬಂದ ಕೆಲಸ ಅದೇ. ಅವಳು ಇಂದು ಈ ಸಭೆಯ ಹಿಂದಿನ ಸಾಲಿನಲ್ಲಿ ಮಗುವನ್ನೆತ್ತಿಕೊಂಡು ಕುಳಿತಿದ್ದಾಳೆ. ಅಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ತಡವಾಯಿತು, ಕ್ಷಮಿಸು. ಮುಂದಿನ ಜೂನ್ ತಿಂಗಳಲ್ಲಿ ದಾಖಲಾತಿಯ ಪುಸ್ತಕವನ್ನು ತೆರೆದಿಟ್ಟುಕೊಂಡು ನಾವು ಇಲ್ಲಿಯೇ ಕುಳಿತಿರುತ್ತೇವೆ. ನಾವು ಆಜ್ಞೆ ಮಾಡುವುದಿಲ್ಲ. ಕಾದಿರುತ್ತೇವೆ.